ಅಜ್ಜನ ಒಟಿಪಿ, ಅಜ್ಜಿಯ ಹೆಬ್ಬೆಟ್ಟು: ಓದಲಾಗದ ಕಾಗದಕ್ಕೆ ಸಹಿ ಬೇಡ

ಗಡಿನಾಡ ಹಿರಿಯರ ಹಣಕ್ಕೆ ಹೊರಗಿನವರ ಕಣ್ಣು. ಆಸ್ತಿಗೆ ಮನೆಯವರದೇ ಕಣ್ಣು

ಕಾಸರಗೋಡು: ‘ಆಧಾರಕ್ಕೆ ಒಂದು ಸಹಿ ಬೇಕಿತ್ತು’ ಎಂದು ಯಾರಾದರೂ ಮನೆಗೆ ಬಂದು ಹೇಳಿದರೆ ಬದಿಯಡ್ಕ, ಪೆರ್ಲ ಕಡೆಯ ಕನ್ನಡದ ಅಜ್ಜನಿಗೆ ನೆನಪಾಗುವುದು ಕಿಸೆಯಲ್ಲಿರುವ ಆಧಾರ್ ಕಾರ್ಡು. ಆದರೆ ಮಲಯಾಳಂನಲ್ಲಿ ‘ಆಧಾರಂ’ ಎಂದರೆ ಜಾಗದ ನೋಂದಾಯಿತ ದಾಖಲೆ ಪತ್ರ. ಒಂದನ್ನು ತೋರಿಸಿದರೆ ಪೆನ್ಶನ್ ಬರುತ್ತದೆ, ಇನ್ನೊಂದಕ್ಕೆ ಸಹಿ ಹಾಕಿದರೆ ತೋಟ ಹೋಗುತ್ತದೆ!

ಕೇಳುವುದಕ್ಕೆ ತಮಾಷೆಯ ಮಾತು. ಆದರೆ ಮಂಜೇಶ್ವರ, ಕಾಸರಗೋಡು ತಾಲೂಕುಗಳ ಕನ್ನಡ, ತುಳು ಮನೆಗಳ ಹಿರಿಯರ ಮಟ್ಟಿಗೆ ಇಡೀ ಸಮಸ್ಯೆ ಇರುವುದೇ ಇಲ್ಲಿ. ಅವರು ಅನಕ್ಷರಸ್ಥರಲ್ಲ. ಕನ್ನಡ ಶಾಲೆಯಲ್ಲಿ ಕಲಿತು, ಈಗಲೂ ಬೆಳಗ್ಗೆ ಕನ್ನಡ ಪೇಪರ್ ಓದಿಯೇ ಕಾಫಿ ಕುಡಿಯುವವರು. ಆದರೆ ಗ್ರಾಮ ಕಚೇರಿಯ ಕಾಗದ ಮಲಯಾಳಂನಲ್ಲಿ, ಬ್ಯಾಂಕಿನ ಸಂದೇಶ ಇಂಗ್ಲಿಷಿನಲ್ಲಿ, ‘ದಿಲ್ಲಿ ಪೊಲೀಸ್’ ಎಂದು ಬರುವ ಫೋನು ಹಿಂದಿಯಲ್ಲಿ. ತಮ್ಮ ಹಣದ ಬಗ್ಗೆ ತಮಗೆ ಬರುವ ಯಾವ ಮಾತೂ ತಮ್ಮ ಭಾಷೆಯಲ್ಲಿ ಇಲ್ಲ. ‘ಎಂತ ಮಾಡುದು, ನೀನೇ ನೋಡಿ ಹೇಳು ಮಾರಾಯ’ ಎಂದು ಫೋನು, ಕಾರ್ಡು, ಪಾಸ್‌ಬುಕ್ ಎಲ್ಲ ಇನ್ನೊಬ್ಬರ ಕೈಗೆ ಕೊಡುವುದು ಅಭ್ಯಾಸವಾಗಿಬಿಟ್ಟಿದೆ. ಹಿರಿಯರ ದುಡ್ಡು ಹೋಗುವ ದಾರಿ ಬಹುತೇಕ ಶುರುವಾಗುವುದು ಆ ಕೈಬದಲಿನಿಂದ. ಕೈ ಗುರುತಿಲ್ಲದ ವಂಚಕನದ್ದೂ ಆಗಬಹುದು, ಹೊಟ್ಟೆಯಲ್ಲಿ ಹುಟ್ಟಿದ ಮಗನದ್ದೂ ಆಗಬಹುದು.

ಫೋನಿನಲ್ಲಿ ಬರುವ ‘ಪೊಲೀಸ್’

ಮಕ್ಕಳು ಬೆಂಗಳೂರಲ್ಲೋ ಗಲ್ಫಿನಲ್ಲೋ. ಮನೆಯಲ್ಲಿ ಗಂಡ-ಹೆಂಡತಿ ಇಬ್ಬರೇ. ಅಡಿಕೆ ಮಾರಿದ ಹಣ ಈಗ ಕೈಗೆ ಬರುವುದಿಲ್ಲ, ಖಾತೆಗೇ ಬೀಳುತ್ತದೆ. ಮಕ್ಕಳನ್ನು ನೋಡಿ ಮಾತಾಡಲಿ ಎಂದು ಸ್ಮಾರ್ಟ್‌ಫೋನು ಕೊಟ್ಟಿರುತ್ತಾರೆ. ವಂಚಕರಿಗೆ ಇದಕ್ಕಿಂತ ಒಳ್ಳೆಯ ಮನೆ ಬೇರೆ ಬೇಡ.

ಕರೆಯ ಕತೆ ಹೆಚ್ಚುಕಮ್ಮಿ ಒಂದೇ. ನಿಮ್ಮ ಹೆಸರಿನ ಪಾರ್ಸೆಲಿನಲ್ಲಿ ಮಾದಕ ವಸ್ತು ಸಿಕ್ಕಿದೆ, ಇಲ್ಲವೇ ನಿಮ್ಮ ಆಧಾರ್ ಬಳಸಿ ಯಾರೋ ಕಪ್ಪುಹಣ ಸಾಗಿಸಿದ್ದಾರೆ ಎನ್ನುತ್ತಾನೆ ಒಬ್ಬ. ಆಮೇಲೆ ವಿಡಿಯೋ ಕರೆ. ಆ ಕಡೆ ಸಮವಸ್ತ್ರ ತೊಟ್ಟವನು, ಹಿಂದೆ ಧ್ವಜ, ಗೋಡೆಯ ಮೇಲೆ ಲಾಂಛನ. ‘ನೀವು ಡಿಜಿಟಲ್ ಅರೆಸ್ಟ್ ಆಗಿದ್ದೀರಿ. ಕ್ಯಾಮೆರಾ ಬಿಟ್ಟು ಏಳಬೇಡಿ, ಹೆಂಡತಿಗೂ ಹೇಳಬೇಡಿ’ ಎಂಬ ಆಜ್ಞೆ. ಕೊನೆಗೆ, ಹಣ ಸಾಚಾ ಹೌದೋ ಎಂದು ಪರಿಶೀಲಿಸಲು ಅದನ್ನು ‘ರಿಸರ್ವ್ ಬ್ಯಾಂಕ್ ಖಾತೆ’ಗೆ ಹಾಕಿ, ಎರಡು ದಿನದಲ್ಲಿ ವಾಪಸ್ ಬರುತ್ತದೆ ಎಂಬ ಮಾತು. ಠೇವಣಿ ಮುರಿದು ಹಾಕಿದವರಿಗೆ ಅದು ಮತ್ತೆ ಬರುವುದು ಅಪರೂಪ.

ಭಾರತದ ಯಾವ ಕಾನೂನಿನಲ್ಲೂ ‘ಡಿಜಿಟಲ್ ಅರೆಸ್ಟ್’ ಎಂಬುದು ಇಲ್ಲ. ಪ್ರಧಾನಿ 2024ರ ಅಕ್ಟೋಬರ್ 27ರ ‘ಮನ್ ಕಿ ಬಾತ್’ನಲ್ಲಿ ಇದನ್ನೇ ಹೇಳಿದ್ದರು. ಆದರೂ ಹಾವಳಿ ನಿಲ್ಲಲಿಲ್ಲ. 2025ರ ಅಕ್ಟೋಬರ್‌ನಲ್ಲಿ ಹರಿಯಾಣದ ಅಂಬಾಲದ ಹಿರಿಯ ದಂಪತಿ, ನಕಲಿ ನ್ಯಾಯಾಲಯದ ಆದೇಶ ತೋರಿಸಿ ತಮ್ಮಿಂದ ಕೋಟಿಗೂ ಮೀರಿದ ಹಣ ಕಿತ್ತ ಕತೆಯನ್ನು ಸುಪ್ರೀಂ ಕೋರ್ಟಿಗೇ ಬರೆದರು. ಕೋರ್ಟು ತಾನಾಗಿ ಪ್ರಕರಣ ಕೈಗೆತ್ತಿಕೊಂಡು, ಡಿಸೆಂಬರ್‌ನಲ್ಲಿ ಇಂತಹ ಪ್ರಕರಣಗಳ ತನಿಖೆಯನ್ನು ಸಿಬಿಐಗೆ ಒಪ್ಪಿಸಿತು.

ಹಿರಿಯರು ಇದನ್ನು ಯಾಕೆ ನಂಬುತ್ತಾರೆ ಎಂದು ಕಿರಿಯರು ನಗುವುದುಂಟು. ನಗುವ ವಿಷಯ ಅಲ್ಲ. ಪೊಲೀಸ್ ಎಂದರೆ ಎದ್ದು ನಿಲ್ಲಬೇಕು, ಕೋರ್ಟಿನ ಕಾಗದ ಎಂದರೆ ಮರ್ಯಾದೆ ಹೋಯಿತು ಎಂದು ಕಲಿತು ಬೆಳೆದವರು ಅವರು. ಊರಿನ ಭಾಷೆಯಲ್ಲದ ಭಾಷೆಯಲ್ಲಿ ಗದರಿಸಿದರೆ ಅದೇ ಸರಕಾರದ ಗತ್ತು ಎನಿಸಿಬಿಡುತ್ತದೆ. ‘ಯಾರಿಗೂ ಹೇಳಬೇಡಿ’ ಎಂಬ ಮಾತೇ ವಂಚನೆಯ ಮೊದಲ ಗುರುತು. ಅಸಲಿ ಪೊಲೀಸರು ಫೋನಿನಲ್ಲಿ ಯಾರನ್ನೂ ಬಂಧಿಸುವುದಿಲ್ಲ, ಅಸಲಿ ಬ್ಯಾಂಕು ಫೋನಿನಲ್ಲಿ ಒಟಿಪಿ ಕೇಳುವುದಿಲ್ಲ.

ಇನ್ನು ಸಣ್ಣಪುಟ್ಟವು ಬೇಕಷ್ಟು. ಕರೆಂಟು ಬಿಲ್ಲು ಕಟ್ಟಿಲ್ಲ, ರಾತ್ರಿ ಲೈನು ಕಡಿಯುತ್ತೇವೆ ಎಂಬ ಸಂದೇಶ. ವಾಹನದ ದಂಡದ ಚೀಟಿ, ಮದುವೆ ಕಾಗದ ಎಂದು ವಾಟ್ಸಪ್‌ನಲ್ಲಿ ಬರುವ ಎಪಿಕೆ ಕಡತ. ನಿವೃತ್ತ ಮೇಷ್ಟ್ರಿಗೆ ‘ಜೀವಂತ ಪ್ರಮಾಣಪತ್ರ ನವೀಕರಿಸಿ’ ಎಂಬ ಕರೆ. ಎಪಿಕೆ ಒತ್ತಿದರೆ ಫೋನಿನ ಲಗಾಮು ಅವರ ಕೈಗೆ. ಆಮೇಲೆ ಒಟಿಪಿ ನೀವು ಹೇಳಬೇಕೆಂದಿಲ್ಲ, ಅವರೇ ಓದಿಕೊಳ್ಳುತ್ತಾರೆ.

ಮೊದಲ ಗಂಟೆ ಮುಖ್ಯ

ಹಣ ಹೋದ ಮೇಲೆ ಹಿರಿಯರು ಮಾಡುವ ದೊಡ್ಡ ತಪ್ಪು, ನಾಚಿಕೆಯಿಂದ ಸುಮ್ಮನೆ ಕೂರುವುದು. ಮಗ ಬೈಯುತ್ತಾನೆ, ಊರಲ್ಲಿ ಗೊತ್ತಾದರೆ ಮಾನ ಹೋಗುತ್ತದೆ ಎಂದು ಎರಡು ದಿನ ಕಳೆಯುತ್ತಾರೆ. ಅಷ್ಟರಲ್ಲಿ ಹಣ ಒಂದು ಖಾತೆಯಿಂದ ಇನ್ನೊಂದಕ್ಕೆ, ಅಲ್ಲಿಂದ ಹತ್ತಕ್ಕೆ ಹಂಚಿಹೋಗಿರುತ್ತದೆ. ಕೂಡಲೇ 1930ಕ್ಕೆ ಫೋನು ಮಾಡಿ ಖಾತೆ, ಮೊತ್ತ, ವ್ಯವಹಾರದ ಸಂಖ್ಯೆ ಹೇಳಿದರೆ, ಆ ಹಣ ಯಾವ ಬ್ಯಾಂಕಿನಲ್ಲಿ ಇದೆಯೋ ಅಲ್ಲಿ ತಡೆಹಿಡಿಯುವ ವ್ಯವಸ್ಥೆ 2021ರಿಂದ ಇದೆ. ಇದು ಕೆಲಸ ಮಾಡುವುದು ಹಣ ಖಾತೆಯಲ್ಲಿ ಉಳಿದಿರುವಷ್ಟು ಹೊತ್ತು ಮಾತ್ರ. ಹಾಗಾಗಿ ಮೊದಲ ಒಂದೆರಡು ಗಂಟೆ ಚಿನ್ನಕ್ಕಿಂತ ಹೆಚ್ಚು.

ಗಡಿಯ ಜನರಿಗೆ ಇನ್ನೊಂದು ಗೊಂದಲ ಉಂಟು. ಮನೆ ವರ್ಕಾಡಿಯಲ್ಲಿ, ಖಾತೆ ಮಂಗಳೂರಿನ ಶಾಖೆಯಲ್ಲಿ, ಕರೆ ಬಂದದ್ದು ಎಲ್ಲಿಂದಲೋ. ದೂರು ಕೊಡುವುದು ಎಲ್ಲಿ? 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ವಿಧಿ ಪ್ರಕಾರ ಅಪರಾಧ ಎಲ್ಲೇ ನಡೆದಿರಲಿ, ಯಾವ ಠಾಣೆಯಲ್ಲೂ ಮಾಹಿತಿ ಕೊಡಬಹುದು. ‘ಅದು ಕರ್ನಾಟಕದ್ದು, ಅಲ್ಲಿಗೆ ಹೋಗಿ’ ಎಂದು ವಾಪಸ್ ಕಳುಹಿಸುವಂತಿಲ್ಲ.

ಮತ್ತೊಂದು ಮಾತನ್ನು ಮನೆಯ ಹುಡುಗರಿಗೆ ಹೇಳಬೇಕು. ವಂಚನೆಯ ಹಣ ಹೋಗುವುದು ವಂಚಕನ ಖಾತೆಗೆ ಅಲ್ಲ. ಕಮಿಷನ್ ಆಸೆಗೆ ಪಾಸ್‌ಬುಕ್, ಸಿಮ್ಮು, ಎಟಿಎಂ ಕಾರ್ಡು ಬಾಡಿಗೆಗೆ ಕೊಟ್ಟ ಯಾವುದೋ ಕಾಲೇಜು ಹುಡುಗನ ಖಾತೆಗೆ. 2025ರ ಅಕ್ಟೋಬರ್ ಕೊನೆಗೆ ಕೇರಳ ಪೊಲೀಸರು ‘ಸೈ ಹಂಟ್’ ಹೆಸರಿನಲ್ಲಿ ರಾಜ್ಯದಾದ್ಯಂತ ಏಕಕಾಲಕ್ಕೆ ದಾಳಿ ಮಾಡಿದ್ದು ಮುಖ್ಯವಾಗಿ ಇಂತಹ ಖಾತೆಗಳವರ ಮೇಲೆಯೇ. ಒಂದು ಮನೆಯ ಅಜ್ಜನ ಹಣ ಇನ್ನೊಂದು ಮನೆಯ ಮೊಮ್ಮಗನ ಖಾತೆಯಲ್ಲಿ ದಾಟಿ ಹೋಗುತ್ತದೆ ಎಂದರೆ ಏನು ಹೇಳುವುದು!

ಕಾರ್ಡು ಯಾರ ಕೈಯಲ್ಲಿ?

ದೂರದ ಕಳ್ಳನ ಬಗ್ಗೆ ಎಲ್ಲರೂ ಮಾತಾಡುತ್ತಾರೆ. ಹತ್ತಿರದವರ ಬಗ್ಗೆ ಮಾತು ಬಂದರೆ ಸಭೆಯಲ್ಲಿ ಮೌನ. ಕೇರಳದ ಸಾಮಾಜಿಕ ಭದ್ರತಾ ಪೆನ್ಶನ್ 2025ರ ನವೆಂಬರ್‌ನಲ್ಲಿ ತಿಂಗಳಿಗೆ 1600 ರೂಪಾಯಿಯಿಂದ 2000ಕ್ಕೆ ಏರಿತು. ಕೆಲವರಿಗೆ ಇದು ಬ್ಯಾಂಕ್ ಖಾತೆಗೆ ಬರುತ್ತದೆ, ಇನ್ನು ಕೆಲವರಿಗೆ ಸಹಕಾರಿ ಸಂಘದವರು ಮನೆಗೇ ತಂದು ಕೊಡುತ್ತಾರೆ. ಅಜ್ಜಿಯ ಕೈಗೆ ಬಂದ ಹಣದಲ್ಲಿ ಅಜ್ಜಿಯ ಮದ್ದಿಗೆ, ಎಲೆಯಡಿಕೆಗೆ ಎಷ್ಟು ಉಳಿಯುತ್ತದೆ ಎಂದು ಕೇಳುವವರು ಯಾರು? ಎಟಿಎಂ ಕಾರ್ಡು ಸೊಸೆಯ ಬ್ಯಾಗಿನಲ್ಲಿ, ಪಿನ್ ನಂಬರು ಕಾರ್ಡಿನ ಕವರಿನ ಮೇಲೆ ಪೆನ್ನಿನಲ್ಲಿ ಬರೆದದ್ದು. ವರ್ಷಕ್ಕೊಮ್ಮೆ ಮಸ್ಟರಿಂಗ್‌ಗೆ ಅಕ್ಷಯ ಕೇಂದ್ರಕ್ಕೆ ಕರೆದುಕೊಂಡು ಹೋಗುವವರು, ಉಳಿದ ದಿನ ಪಾಸ್‌ಬುಕ್ ತೋರಿಸುವುದೂ ಇಲ್ಲ.

ಎಲ್ಲ ಮಕ್ಕಳೂ ಹೀಗೆ ಎಂದು ಅರ್ಥವಲ್ಲ. ಹೆಚ್ಚಿನ ಮನೆಗಳಲ್ಲಿ ಮಕ್ಕಳು ಓಡಾಡಿಯೇ ಹಿರಿಯರ ಕೆಲಸ ಆಗುವುದು. ಆದರೆ ಒಳ್ಳೆಯ ಮಗ ಇದ್ದಾಗಲೇ ಕಾಗದ ಸರಿ ಮಾಡಿಕೊಳ್ಳುವುದು ಬುದ್ಧಿವಂತಿಕೆ.

ಜಂಟಿ ಖಾತೆಯನ್ನೇ ತೆಗೆದುಕೊಳ್ಳಿ. ಮಗನ ಹೆಸರು ಸೇರಿಸುವಾಗ ಬ್ಯಾಂಕಿನವರು ಕೇಳುವ ಒಂದು ಪ್ರಶ್ನೆಗೆ ಬಹಳ ಜನ ‘ಏನಾದರೂ ಹಾಕಿ’ ಎಂದು ಬಿಡುತ್ತಾರೆ. ‘ಐದರ್ ಆರ್ ಸರ್ವೈವರ್’ ಎಂದು ಹಾಕಿದರೆ ಅಪ್ಪನನ್ನು ಕೇಳದೆಯೇ ಮಗ ಹಣ ತೆಗೆಯಬಹುದು. ‘ಫಾರ್ಮರ್ ಆರ್ ಸರ್ವೈವರ್’ ಎಂದರೆ ಮೊದಲ ಹೆಸರಿನವರು ಬದುಕಿರುವವರೆಗೆ ವ್ಯವಹಾರ ಅವರದ್ದೇ, ಅವರ ಕಾಲಾನಂತರ ಎರಡನೆಯವರದ್ದು. ಹಿರಿಯರಿಗೆ ಬೇಕಿರುವುದು ಬಹುತೇಕ ಈ ಎರಡನೆಯದು. ತಮ್ಮ ನಂತರ ಹಣ ಇಂಥವರಿಗೆ ಸಿಗಲಿ ಎಂಬುದಷ್ಟೇ ಉದ್ದೇಶವಾದರೆ ಜಂಟಿ ಖಾತೆಯೇ ಬೇಡ, ನಾಮಿನಿ ಸಾಕು. 2025ರ ನವೆಂಬರ್ 1ರಿಂದ ನಾಲ್ಕು ಮಂದಿಯವರೆಗೆ ನಾಮಿನಿ ಹಾಕಲು ಅವಕಾಶ ಬಂದಿದೆ.

ಹಾಸಿಗೆ ಹಿಡಿದವರ ಹೆಬ್ಬೆಟ್ಟು ಒತ್ತಿಸಿಕೊಂಡು ಬ್ಯಾಂಕಿಗೆ ಚೀಟಿ ಒಯ್ಯುವ ಪದ್ಧತಿಗೂ ನಿಯಮ ಇದೆ. ಆ ಹೆಬ್ಬೆಟ್ಟನ್ನು ಇಬ್ಬರು ಸ್ವತಂತ್ರ ಸಾಕ್ಷಿಗಳು ಗುರುತಿಸಬೇಕು. ಅವರಲ್ಲಿ ಒಬ್ಬರು ಜವಾಬ್ದಾರಿಯುತ ಬ್ಯಾಂಕ್ ಅಧಿಕಾರಿ ಆಗಿರಬೇಕು. ಎಪ್ಪತ್ತು ದಾಟಿದವರಿಗೆ ಮನೆ ಬಾಗಿಲಲ್ಲೇ ಹಣ ಕೊಡುವ, ಪಡೆಯುವ ಸೇವೆ ಒದಗಿಸಬೇಕು ಎಂದು ರಿಸರ್ವ್ ಬ್ಯಾಂಕು 2017ರ ನವೆಂಬರ್‌ನಲ್ಲೇ ಬ್ಯಾಂಕುಗಳಿಗೆ ಹೇಳಿತ್ತು. ಕೇಳದಿದ್ದರೆ ಯಾವ ಶಾಖೆಯವರೂ ತಾವಾಗಿ ಬರುವುದಿಲ್ಲ. ಕೇಳಬೇಕು.

ಇಷ್ಟದಾನವೋ, ಒಸ್ಯತ್ತೋ?

ಖಾತೆಯ ಹಣ ಹೋದರೆ ಸಾವಿರ, ಲಕ್ಷದ ಲೆಕ್ಕ. ಜಾಗ ಹೋದರೆ ಮಲಗುವ ಕೋಣೆಯೇ ಹೋಯಿತು. ಇಲ್ಲಿ ಕನ್ನಡದ ಹಿರಿಯರನ್ನು ಕೆಡವುವುದು ನಾಲ್ಕೈದು ಮಲಯಾಳಂ ಶಬ್ದಗಳು.

‘ಇಷ್ಟದಾನಂ’ ಎಂದರೆ ದಾನಪತ್ರ. ‘ಧನನಿಶ್ಚಯಾಧಾರಂ’ ಎಂದರೆ ಕುಟುಂಬದವರಿಗೆ ಆಸ್ತಿ ಬರೆದುಕೊಡುವ ಪತ್ರ. ‘ಒಳಿಮುರಿ’ ಎಂದರೆ ಸಮಾನ ಹಕ್ಕುದಾರರು ತಮ್ಮ ಪಾಲು ಬಿಟ್ಟುಕೊಡುವುದು. ಗಂಡ ತೀರಿದ ಮೇಲೆ ತಾಯಿಯ ಪಾಲು, ಮದುವೆಯಾದ ಹೆಣ್ಣುಮಕ್ಕಳ ಪಾಲು ಹೀಗೆ ಒಂದೇ ಮಧ್ಯಾಹ್ನದಲ್ಲಿ ಹೋಗಿಬಿಡುವುದುಂಟು. ‘ಮುಕ್ತ್ಯಾರ್’ ಎಂದರೆ ನಿಮ್ಮ ಪರವಾಗಿ ವ್ಯವಹರಿಸುವ ಅಧಿಕಾರ. ಮಾರುವ ಅಧಿಕಾರವೂ ಅದರೊಳಗೆ ಸೇರಿರಬಹುದು. ದಾನ, ಧನನಿಶ್ಚಯ, ಒಳಿಮುರಿ ಮೂರರಲ್ಲೂ ಸಾಮಾನ್ಯವಾಗಿ ನೋಂದಣಿಯೊಂದಿಗೆ ಹಕ್ಕು ಕೈಬಿಟ್ಟು ಹೋಗುತ್ತದೆ. ನಾಳೆ ಮನಸ್ಸು ಬದಲಾಯಿತು ಎಂದರೆ ಸುಲಭಕ್ಕೆ ವಾಪಸ್ ಬರುವುದಿಲ್ಲ.

ಇದಕ್ಕೆ ತದ್ವಿರುದ್ಧವಾದದ್ದು ‘ಒಸ್ಯತ್ತ್’. ನಮ್ಮ ಭಾಷೆಯಲ್ಲಿ ಮರಣಶಾಸನ, ಉಯಿಲು. ಬರೆದವರು ಬದುಕಿರುವವರೆಗೆ ಅದಕ್ಕೆ ಜೀವವೇ ಇಲ್ಲ. ಬೇಡ ಎನಿಸಿದರೆ ಹರಿದು ಹಾಕಬಹುದು, ಬೇರೆ ಬರೆಯಬಹುದು. ನೋಂದಣಿ ಕಡ್ಡಾಯವಲ್ಲ, ಆದರೆ ಮಾಡಿಸಿದರೆ ಒಳ್ಳೆಯದು. ಎರಡು ಸಾಕ್ಷಿಗಳ ಸಹಿ ಬೇಕೇ ಬೇಕು. ‘ನನ್ನ ನಂತರ ಮಗನಿಗೆ’ ಎಂದು ಬಾಯಲ್ಲಿ ಹೇಳುವ ಹಿರಿಯರಲ್ಲಿ ಹೆಚ್ಚಿನವರ ಮನಸ್ಸಿನಲ್ಲಿ ಇರುವುದು ಒಸ್ಯತ್ತು. ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಅವರಿಂದ ಸಹಿ ಹಾಕಿಸಿಕೊಳ್ಳುವುದು ಇಷ್ಟದಾನಕ್ಕೆ! ‘ಆಮೇಲೆ ರಗಳೆ ಬೇಡ, ಈಗಲೇ ಮುಗಿಸುವ’ ಎಂಬ ಮಾತಿನ ಹಿಂದೆ ಕೆಲವೊಮ್ಮೆ ಪ್ರೀತಿ ಇರುತ್ತದೆ, ಕೆಲವೊಮ್ಮೆ ಬ್ಯಾಂಕಿನ ಸಾಲದ ಅರ್ಜಿ ಇರುತ್ತದೆ.

ಕೊಡಲೇಬೇಕು ಎಂದಾದರೆ ಪತ್ರದಲ್ಲಿ ಎರಡು ಸಾಲು ಬರೆಸುವುದು ಬಿಡಬಾರದು. ಒಂದು, ತಾನೂ ಹೆಂಡತಿಯೂ ಬದುಕಿರುವವರೆಗೆ ಈ ಮನೆಯಲ್ಲಿ ವಾಸಿಸುವ, ತೋಟದ ಆದಾಯ ಅನುಭವಿಸುವ ಹಕ್ಕು ತಮ್ಮದೇ ಎಂಬುದು. ಇನ್ನೊಂದು, ಆಸ್ತಿ ಪಡೆದವರು ತಮ್ಮ ಊಟ, ವಸತಿ, ಚಿಕಿತ್ಸೆ ನೋಡಿಕೊಳ್ಳಬೇಕು ಎಂಬ ಷರತ್ತು. ಈ ಎರಡನೆಯ ಸಾಲಿನ ಬೆಲೆ ದೊಡ್ಡದು. ತಂದೆತಾಯಿ ಮತ್ತು ಹಿರಿಯ ನಾಗರಿಕರ ಪೋಷಣೆ ಹಾಗೂ ಕ್ಷೇಮಾಭಿವೃದ್ಧಿ ಕಾಯ್ದೆ, 2007ರ 23ನೇ ವಿಧಿ ಪ್ರಕಾರ, ನೋಡಿಕೊಳ್ಳುವ ಷರತ್ತಿನ ಮೇಲೆ ಪಡೆದ ಆಸ್ತಿಯ ವಿಷಯದಲ್ಲಿ ಮಗ ಮಾತಿಗೆ ತಪ್ಪಿದರೆ ನ್ಯಾಯಮಂಡಳಿ ಆ ಪತ್ರವನ್ನೇ ಅನೂರ್ಜಿತ ಎಂದು ಘೋಷಿಸಬಹುದು.

ಷರತ್ತು ಬರೆಯದೆ ಬಾಯಿಮಾತಿನಲ್ಲಿ ಇದ್ದರೆ? ಅದು ದಾಖಲೆಯಲ್ಲೇ ಸ್ಪಷ್ಟವಾಗಿ ಇರಬೇಕು ಎಂದು ಕೇರಳ ಹೈಕೋರ್ಟಿನ ಪೂರ್ಣ ಪೀಠ 2020ರಲ್ಲಿ ಹೇಳಿತು. ಷರತ್ತು ಇತ್ತು ಎಂದು ತೋರಿಸದಿದ್ದರೆ ಈ ವಿಧಿ ಅನ್ವಯಿಸದು ಎಂದು 2022ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟೂ ಹೇಳಿತು. ಆಮೇಲೆ 2025ರ ಜನವರಿ 2ರಂದು ಮಧ್ಯಪ್ರದೇಶದ ತಾಯಿಯೊಬ್ಬರ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ಈ ಕಾಯ್ದೆಯನ್ನು ಹಿರಿಯರಿಗೆ ಅನುಕೂಲವಾಗುವಂತೆ ಉದಾರವಾಗಿ ಅರ್ಥೈಸಬೇಕು ಎಂದು ಮಗನಿಗೆ ಕೊಟ್ಟ ದಾನಪತ್ರ ರದ್ದುಪಡಿಸಿ, ಜಾಗ ತಾಯಿಗೆ ಮರಳಿಸಲು ಆದೇಶಿಸಿತು. ಆದರೆ ಅಲ್ಲಿಯೂ ತಾಯಿಯ ಕೈಯಲ್ಲಿ ಷರತ್ತಿನ ಕಾಗದ ಇತ್ತು ಎಂಬುದನ್ನು ಮರೆಯುವಂತಿಲ್ಲ. ಬಾಯಿಮಾತಿನ ಭರವಸೆ ಹಿಡಿದು ಕೋರ್ಟಿಗೆ ಹೋಗುವುದು ಕಷ್ಟದ ಹಾದಿ.

ಗುರುತಿನ ಮುಖವೇ ಭದ್ರತೆಯೇ?

ಕನ್ನಡದ ಹಿರಿಯರು ಹಣ ಇಡಲು ಊರಿನ ಸಹಕಾರಿ ಸಂಘವನ್ನೇ ನೆಚ್ಚಿಕೊಳ್ಳುವುದಕ್ಕೆ ಕಾರಣ ಇದೆ. ಅಲ್ಲಿ ಕೌಂಟರಿನಲ್ಲಿ ಕೂತವನು ನೆರೆಮನೆಯವನು, ಕನ್ನಡದಲ್ಲೋ ತುಳುವಿನಲ್ಲೋ ಮಾತಾಡುವವನು. ಆ ನಂಬಿಕೆ ಒಳ್ಳೆಯದೇ. ಆದರೂ 2024ರ ಮೇಯಲ್ಲಿ ಕಾರಡ್ಕದ ಒಂದು ಸಹಕಾರಿ ಸಂಘದಲ್ಲಿ ಸದಸ್ಯರ ಹೆಸರಿನಲ್ಲಿ ಚಿನ್ನದ ಸಾಲ ತೋರಿಸಿ 4.76 ಕೋಟಿ ರೂಪಾಯಿ ಲಪಟಾಯಿಸಿದ ದೂರು ದಾಖಲಾದಾಗ ಊರೇ ಬೆಚ್ಚಿತ್ತು. ಬ್ಯಾಂಕುಗಳ ಠೇವಣಿಗೆ ಇರುವ 5 ಲಕ್ಷದವರೆಗಿನ ವಿಮೆ ಇಂತಹ ಸಂಘಗಳಿಗೆ ಇಲ್ಲ ಎಂದು ರಿಸರ್ವ್ ಬ್ಯಾಂಕು 2021ರ ನವೆಂಬರ್‌ನಲ್ಲಿ ಪ್ರಕಟಣೆ ಕೊಟ್ಟಿತ್ತು. ಕೇರಳದಲ್ಲಿ ಸಹಕಾರಿ ಠೇವಣಿಗೆ ಪ್ರತ್ಯೇಕ ಖಾತರಿ ನಿಧಿ ಇದೆ. ತಮ್ಮ ಸಂಘ ಅದರಲ್ಲಿ ಸೇರಿದೆಯೇ ಎಂದು ಕೇಳಿ ತಿಳಿದುಕೊಳ್ಳುವುದರಲ್ಲಿ ಸಂಕೋಚ ಯಾಕೆ? ರಸೀದಿ ಕೇಳುವುದು ಅವಮಾನ ಮಾಡಿದಂತೆ ಅಲ್ಲ.

ಕನ್ನಡದಲ್ಲೇ ಕೇಳುವ ಹಕ್ಕು

ಕೇರಳ ಅಧಿಕೃತ ಭಾಷಾ ಕಾಯ್ದೆ, 1969 ಕನ್ನಡ, ತಮಿಳು ಅಲ್ಪಸಂಖ್ಯಾತರು ಸರಕಾರದೊಂದಿಗೆ, ಅಧಿಸೂಚಿತ ಪ್ರದೇಶದ ಸ್ಥಳೀಯ ಕಚೇರಿಗಳೊಂದಿಗೆ ತಮ್ಮ ಭಾಷೆಯಲ್ಲೇ ಪತ್ರ ವ್ಯವಹಾರ ಮಾಡಬಹುದು, ಉತ್ತರವೂ ಅದೇ ಭಾಷೆಯಲ್ಲಿ ಬರಬೇಕು ಎನ್ನುತ್ತದೆ. ಯಾವುದೇ ಕುಂದುಕೊರತೆಯ ಅರ್ಜಿಯನ್ನು ದೇಶದಲ್ಲಿ ಅಥವಾ ಆ ರಾಜ್ಯದಲ್ಲಿ ಬಳಕೆಯಲ್ಲಿರುವ ಭಾಷೆಯಲ್ಲಿ ಕೊಡಲು ಸಂವಿಧಾನದ 350ನೇ ವಿಧಿ ಅವಕಾಶ ಕೊಟ್ಟಿದೆ. ಭಾಷೆಯ ಹಕ್ಕು ಎಂದರೆ ನಮ್ಮಲ್ಲಿ ಶಾಲೆ, ಬೋರ್ಡು, ಪಿಎಸ್‌ಸಿ ಪರೀಕ್ಷೆಯ ಮಾತು ಬರುತ್ತದೆ. ಎಂಬತ್ತರ ಅಜ್ಜಿ ಏನಕ್ಕೆ ಹೆಬ್ಬೆಟ್ಟು ಒತ್ತುತ್ತಿದ್ದೇನೆ ಎಂದು ತಿಳಿಯುವುದೂ ಅದೇ ಹಕ್ಕಿನ ವಿಷಯ ಎಂಬುದು ಯಾಕೋ ಸಂಘಟನೆಗಳ ಗಮನಕ್ಕೆ ಬಂದಂತಿಲ್ಲ.

ದಾಖಲೆಗೆ ಸಹಿ ಹಾಕುವ ಮೊದಲು ಅದರಲ್ಲಿ ಹಕ್ಕು ಪಡೆಯದ ಒಬ್ಬರಿಂದ, ಉದಾಹರಣೆಗೆ ಮಲಯಾಳಂ ಬಲ್ಲ ಶಾಲಾ ಮೇಷ್ಟ್ರಿಂದಲೋ ವಾರ್ಡು ಸದಸ್ಯರಿಂದಲೋ ಕನ್ನಡದಲ್ಲಿ ಓದಿಸಿ ಕೇಳಬೇಕು. ಲಾಭ ಪಡೆಯುವವನೇ ಅರ್ಥ ಹೇಳಿದರೆ ಅದು ಅರ್ಥ ಅಲ್ಲ, ಅವನ ಇಷ್ಟ! ಪತ್ರದ ಕರಡನ್ನು ಮನೆಗೆ ತಂದು ಒಂದು ವಾರ ಇಟ್ಟುಕೊಳ್ಳುತ್ತೇನೆ ಎಂದರೆ ತಡೆಯುವವರು ಯಾರೂ ಇಲ್ಲ. ಅವಸರ ಮಾಡಿದರೆ ಅಲ್ಲೇ ಸಂಶಯ ಬರಬೇಕು.

ಗುರುತು ಹಿಡಿಯುವವರು ನೆರೆಯವರೇ. ಆಶಾ ಕಾರ್ಯಕರ್ತೆ, ಕುಟುಂಬಶ್ರೀಯವರು, ಹಸಿರು ಕರ್ಮ ಸೇನೆಯವರು ತಿಂಗಳಿಗೊಮ್ಮೆಯಾದರೂ ಅಂಗಳಕ್ಕೆ ಬರುತ್ತಾರೆ. ಸದಾ ಮಾತಾಡುವ ಅಜ್ಜ ಫೋನು ಹಿಡಿದು ಬಾಗಿಲು ಹಾಕಿ ಕೂತರೆ, ಅಜ್ಜಿ ಮದ್ದು ಮುಗಿದರೂ ತರಿಸದಿದ್ದರೆ ‘ಎಂತ ವಿಷಯ?’ ಎಂದು ಒಂದು ಮಾತು ಕೇಳಬಹುದು. ವಯಸ್ಸಾದ ಗ್ರಾಹಕ ಒಮ್ಮೆಲೇ ಠೇವಣಿ ಮುರಿಯಲು ಬಂದಾಗ ಬ್ಯಾಂಕ್ ಸಿಬ್ಬಂದಿ ಸಂಶಯಪಟ್ಟು ವಿಚಾರಿಸಿದ್ದರಿಂದ ಕೇರಳದಲ್ಲಿ ಹಲವರ ಹಣ ಉಳಿದಿದೆ. ಆ ಒಂದು ಪ್ರಶ್ನೆ ಕನ್ನಡದಲ್ಲಿ ಕೇಳುವ ಸಿಬ್ಬಂದಿ ಕುಂಬಳೆ, ಉಪ್ಪಳದ ಶಾಖೆಗಳಲ್ಲಿ ಇರಬೇಕಾದ್ದು ಮರ್ಯಾದೆಯ ಮಾತಲ್ಲ, ಭದ್ರತೆಯ ಮಾತು.

ಎಲ್ಲಿಗೆ ಹೋಗುವುದು?

ಪೋಷಣೆ ಇಲ್ಲ, ಆಸ್ತಿ ಬರೆಸಿಕೊಂಡು ಹೊರಹಾಕಿದರು ಎಂಬ ದೂರಿಗೆ ನ್ಯಾಯಮಂಡಳಿ ಎಂದರೆ ಕಂದಾಯ ವಿಭಾಗಾಧಿಕಾರಿ, ಅಂದರೆ ಆರ್‌ಡಿಒ. ಮಂಜೇಶ್ವರ, ಕಾಸರಗೋಡು ತಾಲೂಕಿನವರಿಗೆ ಕಾಸರಗೋಡು. ಹೊಸದುರ್ಗ, ವೆಳ್ಳರಿಕುಂಡಿನವರಿಗೆ ಕಾಞಂಗಾಡು. ಅರವತ್ತು ದಾಟಿದವರು ಅರ್ಜಿ ಕೊಡಬಹುದು, ತಂದೆತಾಯಿಗಾದರೆ ವಯಸ್ಸಿನ ಮಿತಿ ಇಲ್ಲ. ತಮ್ಮಿಂದಾಗದಿದ್ದರೆ ಇನ್ನೊಬ್ಬರನ್ನೋ ಸಂಸ್ಥೆಯನ್ನೋ ನೇಮಿಸಬಹುದು. ಮಕ್ಕಳಿಲ್ಲದವರು, ತಮ್ಮ ಆಸ್ತಿ ಅನುಭವಿಸುತ್ತಿರುವ ಅಥವಾ ಮುಂದೆ ಪಡೆಯಲಿರುವ ಸಂಬಂಧಿಕರಿಂದಲೂ ಪೋಷಣೆ ಕೇಳಬಹುದು. ಪೋಷಣೆಯ ಅರ್ಜಿ ನೋಟಿಸು ತಲುಪಿದ 90 ದಿನದೊಳಗೆ ಇತ್ಯರ್ಥವಾಗಬೇಕೆಂದು ಕಾಯ್ದೆ ಹೇಳುತ್ತದೆ. ವಿಶೇಷ ಸಂದರ್ಭದಲ್ಲಿ ಇನ್ನು 30 ದಿನ. ಮೇಲ್ಮನವಿ ಜಿಲ್ಲಾಧಿಕಾರಿಗೆ. ಅರ್ಜಿ ಬರೆಯಲು ಜಿಲ್ಲಾ ಸಾಮಾಜಿಕ ನ್ಯಾಯ ಕಚೇರಿಯಲ್ಲೂ ಕಾನೂನು ಸೇವಾ ಪ್ರಾಧಿಕಾರದಲ್ಲೂ ಸಹಾಯ ಕೇಳಬಹುದು. ಹಿರಿಯರ ಸಹಾಯವಾಣಿ 14567. ಹಣ ವಂಚನೆಯಾದರೆ 1930. ಈ ಸಂಖ್ಯೆಯನ್ನು ದೊಡ್ಡ ಕನ್ನಡ ಅಂಕೆಯಲ್ಲಿ ಬರೆದು ಫೋನು ಚಾರ್ಜಿಗೆ ಇಡುವ ಜಾಗದ ಗೋಡೆಗೆ ಅಂಟಿಸಿಟ್ಟರೆ ಹುಡುಕುವ ಹೊತ್ತು ಉಳಿಯುತ್ತದೆ.